ಕಡಲ ಸಂಶೋಧನಾ ಸಂಸ್ಥೆಗೆ ಯಜಮಾನ ಯಾರಿರಬೇಕು: ವಿಜ್ಞಾನಿಯೋ, ದುಡ್ಡು ಹಾಕಿದವರೋ, ಕ್ಯಾಪ್ಟನ್ನೋ?

ಹೇಮಾವತಿ ದಂಡೆ:
ನಿಯಮಾವಳಿಯ ಕರಡು ಓದದೇ ಇರೋರಿಗೆ ಎರಡು ಮಾತು. ಹಾಸನ, ಚಿಕ್ಕಮಗಳೂರು ಕಡೆಯ ಕೆಲವು ಪದವೀಧರರು ಕಡಲ ಸಂಶೋಧನೆಗೆಂದೇ ಒಂದು ಲಾಭರಹಿತ ಸಂಸ್ಥೆ ನೋಂದಣಿ ಮಾಡಿಸಲು ಹೊರಟಿದ್ದಾರೆ. ಕರಡಿನ ಪ್ರಕಾರ ಅಧ್ಯಕ್ಷರೇ ಮುಖ್ಯ ವಿಜ್ಞಾನಿ, ಚೆಕ್ಕಿಗೆ ಅವರೊಬ್ಬರ ಸಹಿ ಸಾಕು, ಅಧಿಕಾರಾವಧಿಗೆ ಮಿತಿ ಇಲ್ಲ. ಸಹಿ ವಿಷಯ ತಿದ್ದಬಹುದು. ಆದರೆ ವಿಜ್ಞಾನಿಯೇ ಮೇಲಿರಬೇಕು ಅನ್ನೋದು ಸರಿ ಅಂತ ನನ್ನ ವಾದ. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆ 1930ರಲ್ಲಿ ಶುರುವಾದಾಗ ಮೊದಲ ನಿರ್ದೇಶಕ ಹೆನ್ರಿ ಬಿಗೆಲೋ, ಮೀನು ಮತ್ತು ಪ್ಲಾಂಕ್ಟನ್ ಬಲ್ಲ ಪ್ರಾಣಿಶಾಸ್ತ್ರಜ್ಞ. 2008ರಲ್ಲಿ ಓಷನ್ ಎಕ್ಸ್‌ಪ್ಲೊರೇಶನ್ ಟ್ರಸ್ಟ್ ಕಟ್ಟಿದ್ದು ಟೈಟಾನಿಕ್ ಅವಶೇಷ ಹುಡುಕಿದ ರಾಬರ್ಟ್ ಬಲ್ಲಾರ್ಡ್. ವಿಷಯ ಗೊತ್ತಿರೋರ ಕೈಲಿ ಚುಕ್ಕಾಣಿ ಇರಲಿ.

ಕಾಫಿ ಕಣ:
ಸಾಹುಕಾರ್ರು, ರೈಟರ್ರು, ಮೇಸ್ತ್ರಿ ಮೂರೂ ಒಬ್ಬರೇ ಆದ ತೋಟದ ಹಾಗಿದೆ ಈ ಕರಡು. ಅದಿರಲಿ, ಕಡಲೇ ಇಲ್ಲದ ಜಿಲ್ಲೆಯಲ್ಲಿ ಕಡಲ ಸಂಸ್ಥೆ ಯಾಕಂತೆ?

ಚಾರ್ಮಾಡಿ ತಿರುವು:
ನೇತ್ರಾವತಿ ಹುಟ್ಟೋದು ಕುದುರೆಮುಖದ ಕಡೆ, ನಮ್ಮ ಜಿಲ್ಲೆಯಲ್ಲೇ. ಘಟ್ಟದ ಮೇಲಿನ ಮಣ್ಣು, ಗೊಬ್ಬರ, ಪ್ಲಾಸ್ಟಿಕ್ ಮಂಗಳೂರಿನ ಅಳಿವೆಗೆ ಹೋಗಿ ಸೇರುತ್ತೆ. ಇನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ) ಕಡಲಲ್ಲಿ ನಿಲ್ಲಿಸಿರೋ ತೇಲುಬುರುಡೆಗಳು ಮಾಹಿತಿ ಕಳಿಸೋದು ಇನ್‌ಸ್ಯಾಟ್ ಮೂಲಕ. ಆ ಉಪಗ್ರಹಗಳನ್ನು ನೋಡಿಕೊಳ್ಳೋದು ಹಾಸನದಲ್ಲಿರೋ ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್. ಸಾಕಾ?

@ಹೇಮಾವತಿ ದಂಡೆ, ಬಲ್ಲಾರ್ಡ್ ಉದಾಹರಣೆ ನಿಮಗೇ ತಿರುಗಿ ಬೀಳುತ್ತೆ ಮಾರಾಯ್ರೆ. ಅವರಿಗೆ ದುಡ್ಡು ಕೊಟ್ಟಿದ್ದು ಅಮೆರಿಕದ ನೌಕಾಪಡೆ. ಮುಳುಗಿದ್ದ ಥ್ರೆಶರ್, ಸ್ಕಾರ್ಪಿಯನ್ ಜಲಾಂತರ್ಗಾಮಿಗಳ ಸಮೀಕ್ಷೆ ಮಾಡಿಕೊಟ್ಟ ಮೇಲೆ, 1985ರಲ್ಲಿ ಉಳಿದ ಕೆಲವೇ ದಿನಗಳಲ್ಲಿ ಟೈಟಾನಿಕ್ ಹುಡುಕಿದ್ದು. ಜೊತೆಗೆ ಫ್ರಾನ್ಸಿನ ಕಡಲ ಸಂಶೋಧನಾ ಸಂಸ್ಥೆ ಇಫ್ರೆಮರ್‌ನ ತಂಡವೂ ಇತ್ತು. ಹಡಗು ಎಲ್ಲಿಗೆ ಹೋಗಬೇಕು ಅನ್ನೋದನ್ನ ದುಡ್ಡು ಮೊದಲು ತೀರ್ಮಾನಿಸುತ್ತೆ, ವಿಜ್ಞಾನಿ ಆಮೇಲೆ.

ಅದಕ್ಕೇ ಅಮೆರಿಕದ ಮಾಂಟೆರಿಯಲ್ಲಿರೋ ಕಡಲ ಸಂಶೋಧನಾ ಸಂಸ್ಥೆ ಎಂಬಾರಿ ನೋಡಿ. 1987ರಲ್ಲಿ ಕಟ್ಟಿದ್ದು ಡೇವಿಡ್ ಪ್ಯಾಕರ್ಡ್, ಎಚ್‌ಪಿ ಕಂಪನಿಯ ಸಹಸ್ಥಾಪಕ, ಎಂಜಿನಿಯರ್. ವಿಜ್ಞಾನಿ ಕೇಳಿದ್ದನ್ನು ಎಂಜಿನಿಯರ್ ಮಾಡಿಕೊಡೋ ಪದ್ಧತಿ ಬೇಡ, ಇಬ್ಬರೂ ಸರಿಸಮ ಕೂತು ಸಾಧನ ತಯಾರಿಸಲಿ ಅಂತ ಹಟ ಹಿಡಿದರು. ಮೂಲ ಖರ್ಚಿಗೆ ಪ್ಯಾಕರ್ಡ್ ಫೌಂಡೇಶನ್ ಪ್ರತಿವರ್ಷ ಕೊಡುತ್ತಾ ಬಂದಿದೆ, ಹಾಗಾಗಿ ವರ್ಷಗಟ್ಟಲೆ ಹಿಡಿಯೋ ಕೆಲಸಕ್ಕೂ ಕೈ ಹಾಕಬಹುದು. ಪ್ಯಾಕರ್ಡ್ 1996ರಲ್ಲಿ ತೀರಿಕೊಂಡರು. ಮರುವರ್ಷ ಭೂಭೌತ ವಿಜ್ಞಾನಿ ಮಾರ್ಷಾ ಮೆಕ್‌ನಟ್ ಅಧ್ಯಕ್ಷೆಯಾಗಿ ಬಂದು 2009ರವರೆಗೆ ನಡೆಸಿದರು. ಸ್ಥಾಪಕರು ಹೋದರೂ ಸಂಸ್ಥೆ ನಿಂತಿತು.

ಹೇಮಾವತಿ ದಂಡೆ:
ಕೊನೆಗೆ ಬಂದಿದ್ದು ವಿಜ್ಞಾನಿಯೇ ಅಲ್ವಾ ಸಾರ್? ಸ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನಲ್ಲೂ ಅದೇ ಕಥೆ. 2009ರಲ್ಲಿ ದುಡ್ಡು ಹಾಕಿದ್ದು ಎರಿಕ್ ಮತ್ತು ವೆಂಡಿ ಸ್ಮಿಟ್. 2020ರಲ್ಲಿ ಕಾರ್ಯನಿರ್ವಾಹಕ ನಿರ್ದೇಶಕಿ ಮಾಡಿದ್ದು ಜ್ಯೋತಿಕಾ ವೀರ್ಮಾನಿಯವರನ್ನ. ಅವರು ಓದಿದ್ದು ಸಾಗರ ಭೌತಶಾಸ್ತ್ರ, ಅದಕ್ಕೂ ಮುಂಚೆ ಕಡಲತಳದ ನಕ್ಷೆ ತಯಾರಿಸುವ 70 ಲಕ್ಷ ಡಾಲರ್‌ನ ಎಕ್ಸ್‌ಪ್ರೈಜ್ ಸ್ಪರ್ಧೆ ನಡೆಸಿದ್ದವರು.

ಚಾರ್ಮಾಡಿ ತಿರುವು:
ಸ್ಪರ್ಧೆ ನಡೆಸಿದ್ದರು ಅಂದ್ರಲ್ಲ, ಅಲ್ಲೇ ಇದೆ ನೋಡಿ. ಹತ್ತಾರು ತಂಡ, ನಿಯಮ, ತೀರ್ಪುಗಾರರು, ಗಡುವು ಎಲ್ಲ ಸಂಭಾಳಿಸಿದ ಅನುಭವ. ಪಿಎಚ್‌ಡಿ ಒಂದೇ ಇದ್ದಿದ್ದರೆ ಆ ಕುರ್ಚಿ ಸಿಗುತ್ತಿರಲಿಲ್ಲ. ಆ ಸಂಸ್ಥೆಯಲ್ಲಿ ವಿಜ್ಞಾನಿಗಳಿಗೆ ಹಡಗು ಪುಕ್ಕಟೆ. 110 ಮೀಟರ್ ಉದ್ದದ ಫಾಲ್ಕರ್ ಟೂ, 4,500 ಮೀಟರ್ ಆಳಕ್ಕೆ ಹೋಗೋ ಸುಬಾಸ್ಟಿಯನ್ ರೋಬಾಟ್. ಬದಲಿಗೆ ದತ್ತಾಂಶ ಬಹಿರಂಗ ಮಾಡಬೇಕು. ಆ ಷರತ್ತು ದುಡ್ಡು ಹಾಕಿದವರದ್ದು, ಮತ್ತು ಒಳ್ಳೆಯ ಷರತ್ತು.

ವಿಂಚ್ ಮೇಸ್ತ್ರಿ:
ಇಬ್ಬರೂ ಕಚೇರಿಯಲ್ಲೇ ಕೂತು ಮಾತಾಡ್ತಿದ್ದೀರಿ. ಡೆಕ್ ಮೇಲೆ ಬನ್ನಿ.

ಸಿಟಿಡಿ ಅಂದರೆ ನೀರಿನ ಲವಣಾಂಶ, ಉಷ್ಣತೆ, ಆಳ ಅಳೆಯೋ ಉಪಕರಣ. ಸುತ್ತ ವೃತ್ತಾಕಾರದ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 24 ನೀರಿನ ಬಾಟ್ಲಿ. ನಿಮಿಷಕ್ಕೆ 60 ಮೀಟರ್‌ನಂತೆ ಇಳಿಸಿದರೆ 4,000 ಮೀಟರ್ ಮುಟ್ಟೋಕೇ ಒಂದು ಗಂಟೆ ದಾಟುತ್ತೆ. ಮೇಲೆ ಬರುವಾಗ ಬಾಟ್ಲಿ ಮುಚ್ಚೋಕೆ ಅಲ್ಲಲ್ಲಿ ನಿಲ್ಲಿಸಬೇಕು, ಇನ್ನೂ ತಡ. ಅಷ್ಟರಲ್ಲಿ ಗಾಳಿ ಎದ್ದು ಹಡಗು ಏಳುಬೀಳು ಶುರುವಾದರೆ ಹಗ್ಗ ಒಮ್ಮೆ ಸಡಿಲ, ಒಮ್ಮೆ ಜಗ್ಗಿ ಬಿಗಿ. ಸಡಿಲಾದಾಗ ಸುರುಳಿ ಬಿದ್ದು, ಬಿಗಿಯಾದಾಗ ಅದೇ ಜಾಗದಲ್ಲಿ ತುಂಡಾಗುತ್ತೆ. ಲಕ್ಷಾಂತರ ರೂಪಾಯಿ ಸಾಮಾನು ತಳಕ್ಕೆ. ಮುಖ್ಯ ವಿಜ್ಞಾನಿಗೆ ಆ ಹೊತ್ತಿನಲ್ಲಿ ಕಾಣೋದು ಕೈ ತಪ್ಪುತ್ತಿರೋ ಮಾಹಿತಿ. ನಿಲ್ಲಿಸು ಅನ್ನೋ ಅಧಿಕಾರ ಅವರ ಕೈಲಿ ಇರಬಾರದು.

ಹಡಗಿನ ಲೋಕ ಇದನ್ನ ಬರೆದಿಟ್ಟಿದೆ. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಎಂ ಕೋಡ್‌ನ 5ನೇ ಭಾಗ: ಸುರಕ್ಷತೆ, ಮಾಲಿನ್ಯದ ವಿಷಯದಲ್ಲಿ ಕ್ಯಾಪ್ಟನ್ ಮಾತೇ ಅಂತಿಮ. 4ನೇ ಭಾಗ: ದಡದಲ್ಲಿ ಒಬ್ಬ ನಿಯೋಜಿತ ವ್ಯಕ್ತಿ ಇರಬೇಕು, ಅವನಿಗೆ ಆಡಳಿತದ ತುತ್ತತುದಿಯವರೆಗೆ ನೇರ ದಾರಿ ಇರಬೇಕು. ಮಧ್ಯದ ಮ್ಯಾನೇಜರ್ ದೂರನ್ನ ನುಂಗಿ ಹಾಕದಿರಲಿ ಅಂತ ಈ ವ್ಯವಸ್ಥೆ.

ಇದು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ, ಟೈಟಾನಿಕ್ ಅವಶೇಷ ನೋಡೋಕೆ ಜನರನ್ನ ಇಳಿಸುತ್ತಿದ್ದ ಟೈಟನ್ ಜಲನೌಕೆಯೇ ಉದಾಹರಣೆ. ಓಷನ್‌ಗೇಟ್ ಕಂಪನಿಯ ಸಿಇಒ ಸ್ಟಾಕ್‌ಟನ್ ರಶ್ ತಾವೇ ಮುಖ್ಯಸ್ಥ, ತಾವೇ ಪೈಲಟ್. ಕಾರ್ಬನ್ ಫೈಬರ್ ಒಡಲಿನ ಬಗ್ಗೆ 2018ರಲ್ಲಿ ಬರವಣಿಗೆಯಲ್ಲಿ ತಕರಾರು ಕೊಟ್ಟ ಕಾರ್ಯಾಚರಣೆ ನಿರ್ದೇಶಕ ಡೇವಿಡ್ ಲಾಕ್ರಿಜ್‌ರನ್ನ ಕೆಲಸದಿಂದ ತೆಗೆದರು. 2022ರ ಜುಲೈನಲ್ಲಿ ಮೇಲೆ ಬರುವಾಗ ದೊಡ್ಡ ಸದ್ದು ಕೇಳಿಸಿತು, ಆಮೇಲಿನ ಡೈವ್‌ಗಳಲ್ಲಿ ಒಡಲಿನ ಮೇಲಿದ್ದ ಸೆನ್ಸರ್‌ಗಳ ಅಳತೆಯೇ ಬದಲಾಗಿತ್ತು. ಪದರ ಬಿಟ್ಟುಕೊಳ್ಳೋ ಲಕ್ಷಣ ಅದು. ಯಾರೂ ನಿಲ್ಲಿಸಲಿಲ್ಲ. 2023ರ ಜೂನ್ 18ಕ್ಕೆ ಒಡಲು ಒಳಕುಸಿದು ಒಳಗಿದ್ದ ಐವರೂ ಸತ್ತರು.

ಹೇಮಾವತಿ ದಂಡೆ:
ಅದು ಲಾಭದ ಕಂಪನಿ. ಟಿಕೆಟ್ ಮಾರಬೇಕಿತ್ತು. ನಮ್ಮದಕ್ಕೆ ಹೋಲಿಕೆ ಸರಿಯಲ್ಲ.

ವಿಂಚ್ ಮೇಸ್ತ್ರಿ:
ನೀರಿನ ಒತ್ತಡಕ್ಕೆ ನೋಂದಣಿ ಪತ್ರ ಕಾಣಲ್ಲ ಮೇಡಂ. ಲಾಭರಹಿತ ವುಡ್ಸ್ ಹೋಲ್‌ನ ನೆರಿಯಸ್ ರೋಬಾಟ್ 2014ರ ಮೇನಲ್ಲಿ ಕೆರ್ಮಡೆಕ್ ಕಂದಕದ 9,900 ಮೀಟರ್ ಆಳದಲ್ಲಿ ನುಚ್ಚುನೂರಾಯ್ತು. ತೇಲಿಸೋ ಸೆರಾಮಿಕ್ ಗೋಲವೊಂದು ಒಡೆದಿರಬೇಕು ಅಂತ ಅಂದಾಜು. ವ್ಯತ್ಯಾಸ ಇಷ್ಟೇ, ಒಳಗೆ ಜನ ಇರಲಿಲ್ಲ. ಅಷ್ಟು ಆಳದ ಪ್ರಯೋಗಕ್ಕೆ ಮನುಷ್ಯರನ್ನ ಕಳಿಸದೆ ಯಂತ್ರ ಕಳಿಸೋದೂ ನಾಯಕತ್ವದ ತೀರ್ಮಾನವೇ. ಆಳಕಡಲಿಗೆ ಜನರನ್ನ ಇಳಿಸೋಕೆ ಭಾರತ ಕಟ್ಟುತ್ತಿರೋ ಮತ್ಸ್ಯ 6000 ಜಲನೌಕೆ ನೋಡಿ, 3 ಜನಕ್ಕೆ 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಲ, 80 ಮಿಲಿಮೀಟರ್ ದಪ್ಪ. ಸಾವಕಾಶವಾಗಿ, ಮೊದಲು ಕಡಿಮೆ ಆಳದಲ್ಲಿ ಪರೀಕ್ಷೆ ಮಾಡಿಕೊಂಡು ಹೋಗ್ತಿದ್ದಾರೆ. ತಡ ಆಯ್ತು ಅಂತ ಬೈಯೋರಿಗೆ ಟೈಟನ್ ತೋರಿಸಿ.

ಬಿ.ಎಂ. ರಸ್ತೆ ಆಡಿಟ್:
ಕಾಗದ ಪತ್ರದ ಬಗ್ಗೆ ಯಾರೂ ಮಾತೇ ಆಡ್ತಿಲ್ಲ, ಸಂಸ್ಥೆಗಳು ಸಾಯೋದು ಅಲ್ಲೇ.

ಫ್ರಾನ್ಸಿನ ಕಡಲ ಅನ್ವೇಷಕ ಕೂಸ್ಟೋ ಹೆಸರು ಎಲ್ಲರಿಗೂ ಗೊತ್ತು. ಅವರ ಕ್ಯಾಲಿಪ್ಸೋ ಹಡಗು ಅವರದ್ದೇ ಆಗಿರಲಿಲ್ಲ. ಲೋಯಲ್ ಗಿನ್ನೆಸ್ ಎಂಬ ಶ್ರೀಮಂತರು 1950ರಲ್ಲಿ ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕೊಟ್ಟಿದ್ದು. 1973ರಲ್ಲಿ ಕೂಸ್ಟೋ ಸೊಸೈಟಿ ಹುಟ್ಟಿತು, ಮುಖ ಒಂದೇ, ಕೆಂಪು ಟೋಪಿಯ ಮುಖ. 1996ರ ಜನವರಿಯಲ್ಲಿ ಸಿಂಗಪುರದಲ್ಲಿ ಬಾರ್ಜ್ ಗುದ್ದಿ ಕ್ಯಾಲಿಪ್ಸೋ ಮುಳುಗಿತು. ಎತ್ತಿದರು. 1997ರಲ್ಲಿ ಕೂಸ್ಟೋ ತೀರಿಕೊಂಡರು. ಹಡಗು ಯಾರದ್ದು, ರಿಪೇರಿ ಖರ್ಚು ಯಾರದ್ದು ಅಂತ ಜಗಳ, ಮಗನ ಜೊತೆ ಹೆಸರಿನ ಬಳಕೆಗೆ ಮುಂಚೆಯೇ ಕೋರ್ಟು ಆಗಿತ್ತು. ಹಡಗು ಲಾ ರೋಶೆಲ್‌ನಲ್ಲಿ ವರ್ಷಗಟ್ಟಲೆ ಕೊಳೆಯಿತು. 2007ರಲ್ಲಿ ಕಾಂಕಾರ್ನೋಗೆ ಎಳೆದುಕೊಂಡು ಹೋದರು, ಅಲ್ಲಿ ರಿಪೇರಿ ಯಾರ್ಡಿನ ಜೊತೆ ಇನ್ನೊಂದು ವ್ಯಾಜ್ಯ. ಜಗತ್ತಿನಲ್ಲೇ ಹೆಸರಾದ ಸಂಶೋಧನಾ ಹಡಗಿಗೆ ಈ ಗತಿ ಬಂದಿದ್ದು, ಸ್ಥಾಪಕರ ನಂತರ ಯಾರು, ಆಸ್ತಿ ಯಾರ ಹೆಸರಲ್ಲಿ ಅನ್ನೋದು ಬಿಗಿಯಾಗಿ ಬರೆದಿಡದ ಕಾರಣಕ್ಕೆ. ಕರಡಿನಲ್ಲಿ ಅವಧಿ ಮಿತಿ ಇಲ್ಲ ಅಂದಾಗ ನನಗೆ ಕಂಡಿದ್ದು ಇದು.

ಈಗ ನಮ್ಮ ಕಾನೂನು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗಾದರೆ ಕನಿಷ್ಠ 7 ಜನ ಬೇಕು. ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕೆಳಗೆ ಖಾಸಗಿ ಕಂಪನಿಯಾಗಿ ಮಾಡಿದರೆ 2 ನಿರ್ದೇಶಕರು ಸಾಕು, ಇಬ್ಬರೂ ಗಂಡ ಹೆಂಡತಿಯಾದರೆ ಅದು ಮಂಡಳಿ ಅನ್ನಿಸಿಕೊಳ್ಳಲ್ಲ. ವಿದೇಶಿ ದುಡ್ಡಿನ ಕನಸಿದ್ದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ: 3 ವರ್ಷ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚಾಗಿರಬೇಕು. 2020ರ ತಿದ್ದುಪಡಿ ನಂತರ ಆಡಳಿತ ವೆಚ್ಚದ ಮಿತಿ 50ರಿಂದ 20 ಶೇಕಡಕ್ಕೆ ಇಳಿದಿದೆ, ದುಡ್ಡು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ, ಬಂದಿದ್ದನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ. ವಿದೇಶದವರು ಸೆನ್ಸರ್ ಉಡುಗೊರೆ ಕೊಟ್ಟರೆ ಅದೂ ವಿದೇಶಿ ದೇಣಿಗೆಯೇ. ದೊಡ್ಡ ಸಂಬಳದ ಸಿಇಒ ಇಟ್ಟುಕೊಳ್ಳೋ ಮಾತು ಇಲ್ಲೇ ನಿಲ್ಲುತ್ತೆ.

ಚಾರ್ಮಾಡಿ ತಿರುವು:
ವಿದೇಶಿ ಹಡಗು ನಮ್ಮ 200 ನಾಟಿಕಲ್ ಮೈಲಿ ಒಳಗೆ ಬರೋದಾದರೆ ಸಮುದ್ರ ಕಾನೂನು ಒಪ್ಪಂದದ 248ನೇ ವಿಧಿ ಪ್ರಕಾರ 6 ತಿಂಗಳು ಮುಂಚೆ ಪೂರ್ತಿ ವಿವರ ಕೊಡಬೇಕು, ಅದನ್ನೂ ಸೇರಿಸಿ.

ಕಾಫಿ ಕಣ:
ಜೋಡಿ ಮುಖ್ಯಸ್ಥರ ಪದ್ಧತಿ ಆಗಲ್ವಾ? ಫ್ರಾನ್ಸಿನ ತಾರಾ, 36 ಮೀಟರ್ ಉದ್ದದ ಹಾಯಿ ಹಡಗು. 2009ರಿಂದ 2013ರವರೆಗಿನ ಯಾನದಲ್ಲಿ ವಿಜ್ಞಾನದ ಹೊಣೆ ಜೀವಕೋಶ ವಿಜ್ಞಾನಿ ಎರಿಕ್ ಕಾರ್ಸೆಂಟಿಯವರದ್ದು. ಹಡಗು, ಹಣದ ಕಡೆ ಎತಿಯೆನ್ ಬೂರ್ಜ್ವಾ. 35,000ಕ್ಕೂ ಹೆಚ್ಚು ಮಾದರಿ ತಂದರು.

ಬಿ.ಎಂ. ರಸ್ತೆ ಆಡಿಟ್:
ಆಗುತ್ತೆ, ಇಬ್ಬರ ನಡುವೆ ತಕರಾರು ಬಂದರೆ ಬಗೆಹರಿಸೋ ಮೂರನೆಯವರು ಯಾರು ಅಂತ ನಿಯಮಾವಳಿಯಲ್ಲಿ ಇದ್ದರೆ. ಇಲ್ಲದಿದ್ದರೆ ಬ್ಯಾಂಕು ಖಾತೆ ಸ್ತಂಭನ ಮಾಡಿ ಕೂರುತ್ತೆ.

ಹೇಮಾವತಿ ದಂಡೆ:
ಸರಿ. ಕರಡಿಗೆ ಇಷ್ಟು ಸೇರಿಸ್ತೀನಿ: ಎರಡು ಸಹಿ, ಖಜಾಂಚಿ ಅಧ್ಯಕ್ಷರ ಬಂಧುವಾಗಿರಬಾರದು, ಉಪಕರಣವೆಲ್ಲ ಸಂಸ್ಥೆಯ ಹೆಸರಲ್ಲಿ, ಸುರಕ್ಷತಾ ಹೊಣೆಗಾರರು ಅಧ್ಯಕ್ಷರನ್ನ ದಾಟಿ ನೇರ ಮಂಡಳಿಗೆ ಬರೆಯಬಹುದು. ಅವಧಿ ಮಿತಿ ಮಾತ್ರ ಒಪ್ಪಲ್ಲ. ಕಡಲ ಮಾಹಿತಿಗೆ ಹತ್ತು ವರ್ಷದ ಸರಣಿ ಇಲ್ಲದಿದ್ದರೆ ಬೆಲೆ ಇಲ್ಲ. ಮೂರು ವರ್ಷಕ್ಕೊಮ್ಮೆ ಮುಖ್ಯಸ್ಥರು ಬದಲಾದರೆ ಹೊಸಬರು ಮೊದಲು ಮಾಡೋದೇ ಹಳೆಯ ಮಾದರಿ ತಾಣ ಬಿಟ್ಟು ತಮ್ಮ ಇಷ್ಟದ ತಾಣ ಹಿಡಿಯೋದು.

ಬಿ.ಎಂ. ರಸ್ತೆ ಆಡಿಟ್:
ತಾಣಗಳ ಪಟ್ಟಿಯನ್ನ ಮಂಡಳಿ ನಿರ್ಣಯವಾಗಿ ದಾಖಲಿಸಿ, ಬದಲಾಯಿಸಲು ಮೂರನೇ ಎರಡು ಬಹುಮತ ಇಡಿ. ವ್ಯಕ್ತಿ ಬದಲಾಗಲಿ, ಸರಣಿ ಉಳಿಯಲಿ.

ಹೇಮಾವತಿ ದಂಡೆ:
ಇದು ಯೋಚಿಸಬೇಕಾದ್ದು. ಒಪ್ಪಿದೆ ಅಂತ ಈಗಲೇ ಬರೆಯಲ್ಲ.

ವಿಂಚ್ ಮೇಸ್ತ್ರಿ:
ಮೊದಲ ವರ್ಷದ ಯೋಜನೆಯಲ್ಲಿ ಜೂನ್‌ನಲ್ಲಿ ಅಳಿವೆಯ ಹೊರಗೆ ಮಾದರಿ ಸಂಗ್ರಹ ಅಂತಿದೆ, ಅದನ್ನ ತೆಗೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ, ಆಳುಗಳು ಊರಿಗೆ ಹೋಗಿರ್ತಾರೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಐಸ್‌ಬಾಕ್ಸ್‌ನಲ್ಲಿರೋ ಮಾದರಿ ಹಾಸನ ಮುಟ್ಟೋ ಹೊತ್ತಿಗೆ ಕೆಟ್ಟಿರುತ್ತೆ. ಸುರತ್ಕಲ್‌ನ ಎನ್‌ಐಟಿಕೆ ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಫ್ರೀಜರ್ ಜಾಗ ಕೇಳಿ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಬೋಟ್ ಬಾಡಿಗೆ ಕರಾರಿನಲ್ಲಿ, ವಾಪಸ್ ತಿರುಗಿಸೋ ತೀರ್ಮಾನ ಬೋಟ್ ನಡೆಸೋ ತಾಂಡೇಲರದ್ದೇ, ಅದಕ್ಕೆ ಬಾಡಿಗೆ ಕಡಿತ ಇಲ್ಲ ಅಂತ ಒಂದು ಸಾಲು ಇರಲಿ.