ಹಸಿರು ಬೆಳಕು ಬಿಟ್ಟ ಹತ್ತು ನಿಮಿಷಕ್ಕೆ ವೇವ್‌ಗೈಡ್ ಕೈಕೊಡುತ್ತದೆ: ಹರಳು ಸುಟ್ಟಿದೆಯೇ?

ಬಿಲ್ವಪತ್ರೆ

ಎಲ್ಲರಿಗೂ ನಮಸ್ಕಾರ. ಸಂಶೋಧನೆಗೆ ಸೇರಿ ಇದು ಎರಡನೇ ವರ್ಷ. ಆರು ವಾರಗಳಿಂದ ಲಿಥಿಯಂ ನಿಯೋಬೇಟ್ ಎಂಬ ಪಾರದರ್ಶಕ ಹರಳಿನ ಒಂದೇ ಚಿಪ್ ಮುಂದೆ ಕುಳಿತಿದ್ದೇನೆ. ಅದನ್ನು ಮಾಡಿದವರು ಪದವಿ ಮುಗಿಸಿ ಹೋಗಿದ್ದಾರೆ. ಡಬ್ಬಿಯೊಳಗೆ ಒಂದು ಚೀಟಿ ಮಾತ್ರ ಇತ್ತು: "ಎಕ್ಸ್-ಕಟ್, ಬೆಳಕು ವೈ ದಿಕ್ಕಿಗೆ, ಪ್ರೋಟಾನ್ ಎಕ್ಸ್‌ಚೇಂಜ್, ಅನೀಲ್ ಆಗಿದೆ. 7ನೆಯದು ಚೆನ್ನಾಗಿದೆ." (ಎಕ್ಸ್-ಕಟ್ ಎಂದರೆ ಹರಳಿನ ಎಕ್ಸ್ ಅಕ್ಷಕ್ಕೆ ಅಡ್ಡಲಾಗಿ ಕತ್ತರಿಸಿದ್ದು, ಪ್ರೋಟಾನ್ ಎಕ್ಸ್‌ಚೇಂಜ್ ವೇವ್‌ಗೈಡ್ ಮೂಡಿಸುವ ವಿಧಾನ, ಅನೀಲ್ ಎಂದರೆ ಆಮೇಲೆ ಕಾಯಿಸಿ ಹದ ಮಾಡುವುದು.) ಉದ್ದ 20 ಮಿಲಿಮೀಟರ್, ಪಕ್ಕಪಕ್ಕದಲ್ಲಿ ಹನ್ನೆರಡು ವೇವ್‌ಗೈಡ್‌ಗಳು (ಬೆಳಕನ್ನು ಹಿಡಿದು ಸಾಗಿಸುವ ಕಾಲುವೆಗಳು), ಪ್ರತಿಯೊಂದರ ಅಗಲ 5 ಮೈಕ್ರಾನ್.

ಮೊದಲು 633 ನ್ಯಾನೋಮೀಟರ್‌ನ ಹೀಲಿಯಂ-ನಿಯಾನ್ ಲೇಸರ್ ಬಿಟ್ಟೆ. ಬೆಳಕು ಕಂಪಿಸುವ ದಿಕ್ಕನ್ನು ತಿರುಗಿಸುವ ಹಾಫ್-ವೇವ್ ಪ್ಲೇಟ್ ಒಂದು ಕೋನದಲ್ಲಿದ್ದಾಗ ಎದುರಿನ ಬಿಳಿ ರಟ್ಟಿನ ಮೇಲೆ ಚೊಕ್ಕವಾದ ಚುಕ್ಕೆ ಬರುತ್ತದೆ. ಪ್ಲೇಟನ್ನು 45 ಡಿಗ್ರಿ ತಿರುಗಿಸಿದರೆ ಚುಕ್ಕೆ ಮಾಯವಾಗಿ, ಚಿಪ್‌ನ ಅಂಚಿನುದ್ದಕ್ಕೂ ಮಂಕು ಪಟ್ಟಿಯೊಂದು ಉಳಿಯುತ್ತದೆ. ಚುಕ್ಕೆ ಇರುವಾಗಲೂ ಮೀಟರಿನ ಅಂಕಿ ನಿಧಾನವಾಗಿ ಏರಿ ಇಳಿಯುತ್ತಿರುತ್ತದೆ.

ನಿಜವಾದ ಗೋಳು ಹಸಿರಿನದು. 532 ನ್ಯಾನೋಮೀಟರ್ ಬಿಟ್ಟಾಗ ಮೊದಲ ಕ್ಷಣದಲ್ಲಿ 2 ಮಿಲಿವ್ಯಾಟ್ ಹೊರಬರುತ್ತದೆ. ಹತ್ತು ನಿಮಿಷದಲ್ಲಿ ಅದು 0.6ಕ್ಕೆ ಇಳಿಯುತ್ತದೆ, ದುಂಡಗಿದ್ದ ಚುಕ್ಕೆ ಅಡ್ಡಡ್ಡಲಾಗಿ ಎಳೆದುಕೊಳ್ಳುತ್ತದೆ. 7ನೆಯದು ಹೀಗಾದ ಮೇಲೆ 6ನೆಯದರಲ್ಲಿ ಮಾಡಿದೆ, ಅದೂ ಹೀಗೇ ಆಯಿತು. ನಮ್ಮ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: "ಸುಟ್ಟುಬಿಟ್ಟೆಯಾ?" ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕಲೆಯೂ ಇಲ್ಲ. ಏನಾಗಿರಬಹುದು?

ಮೂರು ಸ್ಕ್ರೂ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಮೇಡಂ. ಚಿಪ್ ಕೂರಿಸಿದ ನಿಮ್ಮ ಸ್ಟೇಜ್ ಜಾರುತ್ತಿದೆ. ಐದು ಮೈಕ್ರಾನ್ ಬಾಗಿಲೊಳಗೆ ಬೆಳಕು ತೂರಿಸುವಾಗ ಅರ್ಧ ಮೈಕ್ರಾನ್ ಸರಿದರೂ ಸಾಕು, ಮೀಟರ್ ಬೀಳುತ್ತದೆ. ಸ್ಕ್ರೂಗಳನ್ನು ಬಿಗಿ ಮಾಡಿ, ಲೇಸರನ್ನು ಒಂದು ಗಂಟೆ ಮೊದಲೇ ಹಚ್ಚಿಡಿ.

ಬಿಲ್ವಪತ್ರೆ

ಧನ್ಯವಾದ ಸರ್. ಅದನ್ನು ಮಾಡಿ ನೋಡಿದ್ದೇನೆ. ರಾತ್ರಿಯಿಡೀ ಹಾಗೆಯೇ ಬಿಟ್ಟು ಬೆಳಿಗ್ಗೆ ಪುನಃ ಜೋಡಿಸಿದರೂ 7ನೆಯದರಲ್ಲಿ 0.6 ದಾಟುವುದಿಲ್ಲ. ಒಳಗೆ ಹೋಗುವ ಬೆಳಕನ್ನು ಎಷ್ಟು ಹೊಂದಿಸಿದರೂ ಅಷ್ಟೇ.

ಹಳೇ ಬೆಂಚು

ತಾಯೀ, ಹರಳು ಸುಟ್ಟಿಲ್ಲ. ಮೊದಲು ಊಟ ಮಾಡಿ ಬಾ, ಆಮೇಲೆ ಓದು.

ನಾನು ಮೂವತ್ತೊಂದು ವರ್ಷ ಆಪ್ಟಿಕ್ಸ್ ಬೆಂಚಿನ ಮುಂದೆ ಕೂತು ಈಗ ನಿವೃತ್ತನಾದವನು. ಹರಳಿನ ಅಂಚು ಉಜ್ಜಿ ನಯ ಮಾಡುವುದೇ ನನ್ನ ಕೆಲಸವಾಗಿತ್ತು. ಥಿಯರಿ ಕಲಿತದ್ದು ಉಜ್ಜುತ್ತಾ ಉಜ್ಜುತ್ತಾ.

ನೀನು ಬರೆದದ್ದರಲ್ಲಿ ಒಂದು ಮಾತು ಎಲ್ಲವನ್ನೂ ಹೇಳಿಬಿಟ್ಟಿದೆ: ಚುಕ್ಕೆ ಅಡ್ಡಡ್ಡಲಾಗಿ ಎಳೆದುಕೊಳ್ಳುತ್ತದೆ. ಎಕ್ಸ್-ಕಟ್ ಚಿಪ್, ಬೆಳಕು ವೈ ದಿಕ್ಕಿಗೆ ಎಂದ ಮೇಲೆ ಸಿ-ಅಕ್ಷ, ಅಂದರೆ ಹರಳಿನ ಮುಖ್ಯ ಅಕ್ಷ, ಮಲಗಿರುವುದು ಎಲ್ಲಿ? ಮೇಜಿಗೆ ಸಮನಾಗಿ, ಬೆಳಕಿಗೆ ಅಡ್ಡಲಾಗಿ. ಚುಕ್ಕೆ ಹರಡಿದ್ದೂ ಸರಿಯಾಗಿ ಆ ದಿಕ್ಕಿಗೇ. ಸಡಿಲ ಸ್ಕ್ರೂವಿಗೆ ಸಿ-ಅಕ್ಷ ಯಾವ ಕಡೆ ಇದೆಯೆಂದು ಹೇಗೆ ಗೊತ್ತಾಗುತ್ತದೆ? ಅದು ಗೊತ್ತಿರುವುದು ಹರಳಿಗೆ ಮಾತ್ರ.

1966ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆರ್ಥರ್ ಆಶ್ಕಿನ್ ಮತ್ತು ಜೊತೆಗಾರರು ಕಂಡದ್ದೂ ಇದನ್ನೇ. ಲೇಸರ್ ಹಾಯಿಸಿದ ಜಾಗದಲ್ಲಿ ಲಿಥಿಯಂ ನಿಯೋಬೇಟ್‌ನ ವಕ್ರೀಭವನಾಂಕವೇ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬದಲಾಗಿ ಕಿರಣ ಕೆಟ್ಟುಹೋಗುತ್ತಿತ್ತು. ಅವರು ಅದಕ್ಕೆ ಇಟ್ಟ ಹೆಸರು "ಹಾನಿ". ಆದರೆ ಹರಳನ್ನು ಕಾಯಿಸಿದರೆ ಆ ಹಾನಿ ಅಳಿಸಿಹೋಗುತ್ತಿತ್ತು! ಕಾಯಿಸಿದರೆ ವಾಸಿಯಾಗುವ ಸುಟ್ಟ ಗಾಯ ಯಾವುದಿದೆ? ಈಗ ಇದನ್ನು ಫೋಟೊರಿಫ್ರಾಕ್ಟಿವ್ ಪರಿಣಾಮ ಎನ್ನುತ್ತಾರೆ. ಎರಡು ವರ್ಷದ ಮೇಲೆ, 1968ರಲ್ಲಿ, ಅದೇ ಕಾಟವನ್ನು ಬಳಸಿ ಇದೇ ಹರಳಿನಲ್ಲಿ ಹೊಲೋಗ್ರಾಂ ಬರೆದಿಟ್ಟರು. ಆಶ್ಕಿನ್‌ಗೆ 2018ರಲ್ಲಿ ನೊಬೆಲ್ ಬಂತು, ಬೆಳಕಿನ ಚಿಮಟಕ್ಕಾಗಿ. ಅದು ಬೇರೆ ಕಥೆ.

ಒಳಗೆ ಆಗುವುದು ಹೀಗೆ. ಎಷ್ಟೇ ಶುದ್ಧವೆಂದರೂ ಈ ಹರಳಿನಲ್ಲಿ ಚಿಟಿಕೆ ಕಬ್ಬಿಣದ ಕಲ್ಮಶ ಇದ್ದೇ ಇರುತ್ತದೆ. ಹಸಿರು ಬೆಳಕು ಆ ಕಬ್ಬಿಣದಿಂದ ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಬೇರೆ ವಸ್ತುವಿನಲ್ಲಾದರೆ ಎದ್ದದ್ದು ಎತ್ತಲೋ ಅಲೆಯುತ್ತದೆ. ಇಲ್ಲಿ ಹಾಗಲ್ಲ, ಸಿ-ಅಕ್ಷದ ಗುಂಟ ಒಂದೇ ದಿಕ್ಕಿಗೆ ತಳ್ಳಿಸಿಕೊಳ್ಳುತ್ತದೆ. ಬೆಳಕಿನ ಅಂಚು ದಾಟಿ ಕತ್ತಲಿಗೆ ಬಿದ್ದ ಎಲೆಕ್ಟ್ರಾನನ್ನು ಮತ್ತೆ ಎಬ್ಬಿಸುವವರಿಲ್ಲ, ಅಲ್ಲೇ ಕೂರುತ್ತದೆ. ಹೀಗೆ ಒಂದು ಬದಿಗೆ ಋಣ, ಇನ್ನೊಂದು ಬದಿಗೆ ಧನ ಸೇರಿ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ವಿದ್ಯುತ್ ಕ್ಷೇತ್ರ ಬಿದ್ದರೆ ವಕ್ರೀಭವನಾಂಕ ಬದಲಾಗುವುದು ಈ ಹರಳಿನ ಹುಟ್ಟುಗುಣ. ಜಗತ್ತಿನ ಫೈಬರ್ ಜಾಲಕ್ಕೆ ಬೆಳಕಿನ ಮೇಲೆ ಮಾಹಿತಿ ಹೊರಿಸುವ ಮಾಡ್ಯುಲೇಟರ್ ಮಾಡುವುದೂ ಆ ಗುಣವನ್ನೇ ನಂಬಿ.

ಲೆಕ್ಕ ಹಾಕಿ ನೋಡು. 2 ಮಿಲಿವ್ಯಾಟ್ ಎಂದರೆ ಏನು ಮಹಾ ಅನ್ನಿಸುತ್ತದೆ. ಅದನ್ನು 5 ಮೈಕ್ರಾನ್ ಅಗಲ, 3 ಮೈಕ್ರಾನ್ ಆಳದ ಜಾಗಕ್ಕೆ ತುರುಕಿದರೆ ಚದರ ಸೆಂಟಿಮೀಟರಿಗೆ 13 ಸಾವಿರ ವ್ಯಾಟ್ ದಾಟುತ್ತದೆ. ನಡುಮಧ್ಯಾಹ್ನದ ಬಿಸಿಲು 0.1 ವ್ಯಾಟ್. ಒಳಗೆ ಹುಟ್ಟಿದ ಕ್ಷೇತ್ರ ಸೆಂಟಿಮೀಟರಿಗೆ 10 ಸಾವಿರ ವೋಲ್ಟ್ ಎಂದಿಟ್ಟುಕೊಂಡರೆ ವಕ್ರೀಭವನಾಂಕದ ಬದಲಾವಣೆ ಸುಮಾರು 0.00017. ಪುಟ್ಟ ಸಂಖ್ಯೆಯೇ. ಆದರೆ 20 ಮಿಲಿಮೀಟರ್ ನಡೆದು ಬರುವಷ್ಟರಲ್ಲಿ ಹಸಿರು ಬೆಳಕಿಗೆ ಆರು ತರಂಗದಷ್ಟು ವ್ಯತ್ಯಾಸ! ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ದಾರಿಯುದ್ದಕ್ಕೂ ಹಳ್ಳದಿಣ್ಣೆ ಎದ್ದರೆ ಬೆಳಕು ಪಕ್ಕಕ್ಕೆ ಚೆಲ್ಲದೆ ಇನ್ನೇನು ಮಾಡೀತು?

ನನ್ನ ಮಾತು ನಂಬಬೇಡ, ಪರೀಕ್ಷೆ ಮಾಡು. ಇನ್ನೂ ಹಸಿರು ಕಾಣದ ಒಂದು ವೇವ್‌ಗೈಡ್ ಆರಿಸಿಕೊ, 3ನೆಯದು ಎನ್ನೋಣ. ಫಿಲ್ಟರ್ ಇಟ್ಟು ಹಸಿರನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ ಅರ್ಧ ಗಂಟೆ ಮೀಟರ್ ಬರೆದುಕೊ. ಸ್ಟೇಜ್ ಜಾರುತ್ತಿದ್ದರೆ ಮಂದ ಬೆಳಕಿನಲ್ಲೂ ಅಷ್ಟೇ ವೇಗದಲ್ಲಿ ಬೀಳಬೇಕು. ಆಮೇಲೆ ಫಿಲ್ಟರ್ ತೆಗೆ.

ಇನ್ನು ಪ್ಲೇಟ್ ತಿರುಗಿಸಿದಾಗ ಚುಕ್ಕೆ ಮಾಯವಾಗುವುದು. ಅದು ದೋಷವೇ ಅಲ್ಲ. ಈ ಹರಳಿಗೆ ಎರಡು ವಕ್ರೀಭವನಾಂಕ: 633ರಲ್ಲಿ ಸಾಧಾರಣ ಕಿರಣಕ್ಕೆ 2.286, ಸಿ-ಅಕ್ಷದ ಗುಂಟ ಕಂಪಿಸುವ ಅಸಾಧಾರಣ ಕಿರಣಕ್ಕೆ 2.203. ಕಾದ ಬೆಂಜೋಯಿಕ್ ಆಮ್ಲದಲ್ಲಿ ಮುಳುಗಿಸಿದಾಗ ಲಿಥಿಯಂ ಒಂದಷ್ಟು ಹೊರಟು ಅದರ ಜಾಗಕ್ಕೆ ಪ್ರೋಟಾನ್ ಬಂದು ಕೂರುತ್ತದೆ. ಆಗ ಎರಡನೆಯ ಸಂಖ್ಯೆ ಏರುತ್ತದೆ, ಮೊದಲನೆಯದು ಇಳಿಯುತ್ತದೆ. ಹಾಗಾಗಿ ಸಿ-ಅಕ್ಷದ ಗುಂಟ ಕಂಪಿಸುವ ಬೆಳಕಿಗೆ ಆ 5 ಮೈಕ್ರಾನ್ ಜಾಗ ಕಾಲುವೆ, ಲಂಬವಾಗಿ ಕಂಪಿಸುವ ಬೆಳಕಿಗೆ ಅದೇ ಜಾಗ ಏರಿ. ಏರಿಯ ಮೇಲೆ ನೀರು ನಿಲ್ಲುತ್ತದೆಯೇ? ಕೆಳಗಿನ ಹರಳಿಗೆ ಇಳಿದು ಅಂಚಿನ ತುಂಬ ಹರಡಿಕೊಂಡಿತು, ನೀನು ಕಂಡ ಮಂಕು ಪಟ್ಟಿ ಅದೇ. ನನ್ನ ಮೇಜಿನ ಮೇಲೆ ಒಂದು ತುಂಡು ಕ್ಯಾಲ್ಸೈಟ್ ಇತ್ತು (1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಬರೆದಿಟ್ಟ ಐಸ್‌ಲ್ಯಾಂಡ್ ಹರಳು ಅದು). ಹೊಸಬರು ಬಂದರೆ ಪಂಚಾಂಗದ ಮೇಲಿಟ್ಟು ತೋರಿಸುತ್ತಿದ್ದೆ, ಏಕಾದಶಿ ಎರಡೆರಡು. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಧ್ರುವಕ ಹಿಡಿದು ತಿರುಗಿಸಿದರೆ ಒಂದು ಏಕಾದಶಿ ಮಾಯ. ನಿನ್ನ ಚಿಪ್ ಮಾಡುತ್ತಿರುವುದೂ ಅದೇ ಆಟ.

ಮೂರು ಸ್ಕ್ರೂ

ಯಜಮಾನರೇ, ಸಿ-ಅಕ್ಷದ ಮಾತು ಒಪ್ಪಿದೆ. ಆದರೆ ಒಂದು ಅನುಮಾನ. ಬೆಳಕಿನ ಬಿಸಿಗೂ ವಕ್ರೀಭವನಾಂಕ ಬದಲಾಗುತ್ತದಲ್ಲ? ಲೆನ್ಸ್‌ಗಳಲ್ಲಿ ಹೀಗೆ ಕಿರಣ ಹರಡಿದ್ದನ್ನು ನಾನು ನೋಡಿದ್ದೇನೆ.

ಹಳೇ ಬೆಂಚು

ಒಳ್ಳೆಯ ಅನುಮಾನ. ಬಿಸಿಯಿಂದ ಆದದ್ದು ಲೇಸರ್ ಮುಚ್ಚಿದ ತಕ್ಷಣ ಸರಿಯಾಗಬೇಕು, ಅಷ್ಟು ಸಣ್ಣ ಜಾಗ ತಣಿಯಲು ಎಷ್ಟು ಹೊತ್ತು? ಇವಳದು ರಾತ್ರಿ ಕಳೆದರೂ ಸರಿಯಾಗಲಿಲ್ಲ. ಈ ಹರಳು ಕತ್ತಲೆಯಲ್ಲಿ ಅಪ್ಪಟ ನಿರೋಧಕ. ಕೂತ ಎಲೆಕ್ಟ್ರಾನ್ ದಿನಗಟ್ಟಲೆ ಏಳುವುದಿಲ್ಲ.

ತೆಳುಪದರ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಬರೆಯುತ್ತಿದ್ದೇನೆ, ಊರು ಶಿರಸಿ. ಲಿಥಿಯಂ ನಿಯೋಬೇಟ್‌ನ ತೆಳುಪದರಗಳಲ್ಲಿ ಕೆಲಸ ಮಾಡುತ್ತೇನೆ. ಹಸಿರಿನ ಬಗ್ಗೆ ಹಿರಿಯರು ಹೇಳಿದ್ದಕ್ಕೆ ಸೇರಿಸುವುದು ಒಂದೇ: ಮುಂದಿನ ಚಿಪ್ ಮಾಡಿಸುವಾಗ ಸುಮಾರು 5 ಮೋಲ್ ಶೇಕಡಾ ಮೆಗ್ನೀಷಿಯಂ ಆಕ್ಸೈಡ್ ಬೆರೆತ ಹರಳು ಕೇಳಿ. ಬೆಳಕು ಬಿದ್ದಾಗ ಅದು ಹೆಚ್ಚು ವಿದ್ಯುತ್ ಹರಿಯಗೊಡುತ್ತದೆ, ವಿದ್ಯುದಾವೇಶ ಗುಡ್ಡೆಯಾಗುವ ಮೊದಲೇ ಸೋರಿಹೋಗುತ್ತದೆ. 1980ರ ದಶಕದಿಂದ ಎಲ್ಲರೂ ಹಿಡಿದ ದಾರಿ ಇದು.

ಕೆಂಪಿನ ಏರಿಳಿತವನ್ನು ಯಾರೂ ಮುಟ್ಟಲಿಲ್ಲ. ನಿಮ್ಮ ಚಿಪ್‌ನ ಎರಡು ಅಂಚುಗಳೂ ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿವೆಯೇ? ವಕ್ರೀಭವನಾಂಕ 2.2 ಇರುವಾಗ ಪ್ರತಿ ಅಂಚೂ 14 ಶೇಕಡಾ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಅಂಚುಗಳ ನಡುವೆ ಬೆಳಕು ಹೋಗಿ ಬಂದು ತನ್ನೊಡನೆ ತಾನೇ ಸೇರಿದಾಗ, ಹೊರಬರುವ ಬೆಳಕು ಪೂರ್ತಿಯಿಂದ 57 ಶೇಕಡಾವರೆಗೆ ತೂಗಾಡಬಹುದು. ಉಷ್ಣತೆ ಒಂದು ಡಿಗ್ರಿ ಬದಲಾದರೆ 20 ಮಿಲಿಮೀಟರ್ ಚಿಪ್‌ನಲ್ಲಿ ಈ ಏರಿಳಿತ ನಾಲ್ಕೈದು ಸುತ್ತು ಬರುತ್ತದೆ. ಕೋಣೆಯ ಎ.ಸಿ. ಹತ್ತಿ ಆರುವುದನ್ನೂ ಮೀಟರನ್ನೂ ಒಟ್ಟಿಗೆ ಗಮನಿಸಿ. ಅಂಚನ್ನು ಕೆಲವು ಡಿಗ್ರಿ ಓರೆಯಾಗಿ ಉಜ್ಜಿಸಿದರೆ ಇದು ಹೋಗುತ್ತದೆ.

ಇನ್ನೊಂದು: ನಿಮ್ಮ ಹೀಲಿಯಂ-ನಿಯಾನ್ ಧ್ರುವೀಕೃತ (ಒಂದೇ ದಿಕ್ಕಿಗೆ ಕಂಪಿಸುವ) ಬೆಳಕಿನದೇ, ಅಲ್ಲವೇ? ಅಲ್ಲದಿದ್ದರೆ ಟ್ಯೂಬ್ ಬಿಸಿಯಾಗುವವರೆಗೆ ಅದರ ಬೆಳಕು ಎರಡು ಧ್ರುವೀಕರಣಗಳ ನಡುವೆ ಓಲಾಡುತ್ತದೆ. ಒಂದನ್ನು ಮಾತ್ರ ಸಾಗಿಸುವ ಚಿಪ್ ಅದನ್ನೆಲ್ಲ ಮೀಟರಿಗೆ ವರದಿ ಮಾಡುತ್ತದೆ. ನಾನು ಇದರ ಹಿಂದೆ ಒಂದು ಇಡೀ ಮಳೆಗಾಲ ಕಳೆದಿದ್ದೇನೆ.

ಬಿಲ್ವಪತ್ರೆ

ಲೇಸರ್ ಧ್ರುವೀಕೃತವೇ ಸರ್, ಲೇಬಲ್ ನೋಡಿದೆ. ಚಿಪ್ ಮೇಲೆ ರಟ್ಟಿನ ಡಬ್ಬಿ ಬೋರಲು ಹಾಕಿದೆ. ಏರಿಳಿತ ನಿಲ್ಲಲಿಲ್ಲ, ಆದರೆ ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಏಳೆಂಟು ನಿಮಿಷಕ್ಕೊಮ್ಮೆ ಆಯಿತು.

3ನೆಯದರಲ್ಲಿ ಮಂದ ಹಸಿರು: 0.10 ಮಿಲಿವ್ಯಾಟ್‌ನಿಂದ ಶುರುವಾಗಿ ಅರ್ಧ ಗಂಟೆಯ ನಂತರವೂ 0.10. ಫಿಲ್ಟರ್ ತೆಗೆದೆ. ಹನ್ನೊಂದು ನಿಮಿಷಕ್ಕೆ 2ರಿಂದ 0.7. ಮಾರ್ಗದರ್ಶಕರಿಗೆ ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು ತೋರಿಸಿದೆ. ಏನೂ ಅನ್ನಲಿಲ್ಲ, ಹಾಳೆ ಮಾತ್ರ ಇಟ್ಟುಕೊಂಡರು.

ಈಗ ಇದನ್ನು ಅಳಿಸುವುದು ಹೇಗೆ ಅಜ್ಜಾ? ಹಾಗೆ ಕರೆಯಬಹುದಲ್ಲವೇ?

ಹಳೇ ಬೆಂಚು

ಕರೆಯಬಹುದು. ಹಾಟ್ ಪ್ಲೇಟ್ ಮೇಲೆ 180 ಡಿಗ್ರಿ, ಒಂದು ಗಂಟೆ ಸಾಕು. ಅನೀಲ್ ಮಾಡಿದ್ದು ಅದಕ್ಕಿಂತ ಬಹಳ ಮೇಲಿನ ಬಿಸಿಯಲ್ಲಾದ್ದರಿಂದ ಕಾಲುವೆ ಕೆಡುವುದಿಲ್ಲ. ಆದರೆ ಅವಸರ ಬೇಡ. ಉಷ್ಣತೆ ಬದಲಾದರೆ ಈ ಹರಳು ತನ್ನ ಮೈಮೇಲೆ ಆವೇಶ ಕಟ್ಟಿಕೊಳ್ಳುತ್ತದೆ, ಕಿಡಿ ಹಾರಿ ಬಿರಿಯುವುದೂ ಉಂಟು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತು, ಎರಡು ಬದಿಯ ಆವೇಶ ಅಲ್ಲೇ ಕೂಡಿಕೊಳ್ಳಲಿ. ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸು, ಹಾಗೆಯೇ ಇಳಿಸು. ಇಳಿಸುವಾಗಲೇ ಎಲ್ಲರೂ ಕೆಡಿಸುವುದು. ಮುಚ್ಚಳ ತೆಗೆದು ಇಣುಕಬೇಡ. ಫೈಬರ್ ಅಂಟಿಸಿದ ಚಿಪ್ ಆದರೆ ಈ ಕೆಲಸ ಮಾಡಲೇಬೇಡ, ಅಂಟು ಕರಗುತ್ತದೆ.

ಬಿಲ್ವಪತ್ರೆ

ನಿನ್ನೆ ಮಾಡಿದೆ. 7ನೆಯದು ಮೊದಲ ಕ್ಷಣದಲ್ಲಿ 1.9 ಮಿಲಿವ್ಯಾಟ್ ಕೊಟ್ಟಿತು, ಚುಕ್ಕೆ ಮತ್ತೆ ದುಂಡಗಾಗಿದೆ. ತಕ್ಷಣ ಫಿಲ್ಟರ್ ಹಾಕಿದೆ. 3 ಮತ್ತು 6 ಕೂಡ ಮರಳಿ ಬಂದಿವೆ.

ಆದರೆ ಅಜ್ಜಾ, ಇಣುಕಿದೆ. 110 ಡಿಗ್ರಿಗೆ ಇಳಿದಿತ್ತು, ಹಾಳೆ ಸರಿಯಾಗಿ ಸುತ್ತಿದೆಯೋ ಇಲ್ಲವೋ ಎಂದು ಮುಚ್ಚಳ ಎತ್ತಿದೆ. ಟಿಕ್ ಎಂದು ಒಂದೇ ಸದ್ದು. ಒಂದು ಮೂಲೆ ಬಿರಿದು ಕೊನೆಯ ಎರಡು ವೇವ್‌ಗೈಡ್‌ಗಳು ಹೋದವು.

ಡಬ್ಬಿಯ ಹಳೆಯ ಚೀಟಿಯ ಕೆಳಗೆ ಬರೆದಿಟ್ಟಿದ್ದೇನೆ: "ಹಸಿರು 0.1 ಮಿಲಿವ್ಯಾಟ್ ದಾಟಿಸಬೇಡಿ. ಕೆಟ್ಟರೆ 180 ಡಿಗ್ರಿ, ಒಂದು ಗಂಟೆ. ಮುಚ್ಚಳ ತೆಗೆಯಬೇಡಿ. 11, 12 ಇಲ್ಲ."