‘ಅಜ್ಜಿ ಮನೆ’ ಗುಂಪಿನಲ್ಲಿ ಒಂದು ವೀಡಿಯೊ

ಚಿಕ್ಕಮ್ಮ: (ವೀಡಿಯೊ) ‘ನಮ್ಮ ನೌಕಾಪಡೆಯ ಹೆಮ್ಮೆ! ನಿನ್ನೆ ವಿರಾಟ್ ಹಡಗಿನ ಮೇಲೆ ಮುಂದಿನ ಚಕ್ರವೇ ಇಲ್ಲದೆ ಇಳಿದ ವೀರ ಪೈಲಟ್. ಎಲ್ಲರಿಗೂ ಕಳುಹಿಸಿ.’

ಚಿಕ್ಕಮ್ಮ: ನೋಡಿದಿರಾ? ಸೋಮವಾರ ನನ್ನ ಮಗನಿಗೆ ಮೈಸೂರಿನಲ್ಲಿ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್. ನನಗೆ ನಿದ್ದೆ ಬರುತ್ತಿಲ್ಲ. ಮೇಲೆ ಹೋದಾಗ ಚಕ್ರ ಬರದಿದ್ದರೆ ಏನು ಗತಿ?

ಮಾವ: ಜೈ ಹಿಂದ್ 🙏

ಮಂಜಣ್ಣ: ಚಿಕ್ಕಮ್ಮ, ಇದನ್ನು ನಿಮಗೆ ಯಾರು ಕಳಿಸಿದರು? ವಿರಾಟ್ 2017ರಲ್ಲೇ ನಿವೃತ್ತಿ ಆಯಿತು. ಅದರ ಮೇಲಿಂದ ಹಾರುತ್ತಿದ್ದ ಸೀ ಹ್ಯಾರಿಯರ್ ಯುದ್ಧವಿಮಾನಗಳು 2016ರಲ್ಲೇ. ನಿನ್ನೆ ಹೇಗೆ ಇಳಿಯುತ್ತೆ?

ಮಾವ: ಮಂಜು, ಎಲ್ಲದಕ್ಕೂ ಪುರಾವೆ ಕೇಳುವುದು ನಿನ್ನ ಹಳೇ ಚಾಳಿ. ಅಜ್ಜಿಯ ಕಷಾಯಕ್ಕೂ ಕೇಳಿದ್ದೆ.

ಮಂಜಣ್ಣ: ಕಷಾಯದ ವಿಷಯ ಬಿಡಿ ಮಾವ. ಇದು ಅಮೆರಿಕದ ಬಟಾನ್ ಹಡಗು. ಅದರ ಡೆಕ್ ಕೊನೆಯ ತನಕ ಚಪ್ಪಟೆ. ವಿರಾಟ್‌ನ ಮೂತಿ ಮೇಲಕ್ಕೆ ಬಾಗಿತ್ತು.

ಮಾವ: ಯಾವ ದೇಶದವನಾದರೇನು, ಧೈರ್ಯ ಧೈರ್ಯವೇ. ಈಗಿನ ಹುಡುಗರು ಕರೆಂಟ್ ಹೋದರೆ ಗಾಬರಿಯಾಗುತ್ತಾರೆ. ಕಲಿಯಿರಿ.

ನಾನು: ಮಾವ, ಯಾರು ಅನ್ನುವುದೂ ಮುಖ್ಯ. ಅವರು ಕ್ಯಾಪ್ಟನ್ ವಿಲಿಯಂ ಮಹೋನಿ, ಅಮೆರಿಕದ ಮರೀನ್ ಪೈಲಟ್. 2014ರ ಜೂನ್ 7. ಹಡಗಿನಿಂದ ಹಾರಿದ ಸ್ವಲ್ಪ ಹೊತ್ತಿಗೇ ಮುಂದಿನ ಚಕ್ರ ಕೈಕೊಟ್ಟಿತು. ಅವರದೂ ಹ್ಯಾರಿಯರ್ ವಿಮಾನವೇ, ಅದು ಗಾಳಿಯಲ್ಲಿ ನಿಂತು ನೇರ ಕೆಳಗಿಳಿಯುತ್ತೆ. ಹಿಂದಿನ ಚಕ್ರಗಳು ಸರಿ ಇದ್ದವು, ಮೂತಿಗೆ ಆಸರೆ ಬೇಕಲ್ಲ? ಡೆಕ್ ಮೇಲೆ ಒಂದು ಸ್ಟೂಲ್ ಇಟ್ಟರು, ಮೇಲೆ ಮೆತ್ತೆ ಹಾಸಿದ್ದು. ಇಂಥ ಹೊತ್ತಿಗೆಂದೇ ಮಾಡಿಟ್ಟ ಸ್ಟೂಲ್ ಅದು.

ಗೀತಕ್ಕ: ಅಯ್ಯೋ, ವಿಮಾನ ಅಂದ ಕೂಡಲೇ 1996ರ ಯಲಹಂಕ ನೆನಪಾಯಿತು! ಮೊದಲ ಏರೋ ಇಂಡಿಯಾ ವಿಮಾನ ಪ್ರದರ್ಶನ. ಅಜ್ಜಿ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಒಂದೇ ದುರ್ಬೀನಿಗೆ ನಾವು ಏಳು ಜನ.

ಮಾವ: ಆ ದುರ್ಬೀನು ನಾನು ಕೊಂಡಿದ್ದು. ವಾಪಸ್ ಬರಲೇ ಇಲ್ಲ. ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ನನ್ನ ಕಡೆ ಬೆರಳು ತೋರಿಸಬೇಡ. ಅವತ್ತೇ ಅಜ್ಜಿಯ ಕೈಗೆ ಕೊಟ್ಟಿದ್ದೇನೆ.

ಚಿಕ್ಕಮ್ಮ: ಬೆಂಗಳೂರಿನಲ್ಲೂ ಹೀಗೇ ಆಗಿತ್ತಲ್ವಾ?

ಮಂಜಣ್ಣ: ಅದು 2023ರ ಜುಲೈ 11, ಎಚ್‌ಎಎಲ್ ವಿಮಾನ ನಿಲ್ದಾಣ. ಮಿಲಿಟರಿ ಅಲ್ಲ, ಸಣ್ಣ ಖಾಸಗಿ ಜೆಟ್. ಒಳಗೆ ಪೈಲಟ್‌ಗಳಿಬ್ಬರೇ. ಮೂತಿ ರನ್‌ವೇ ಮೇಲೆ ಉಜ್ಜಿಕೊಂಡು ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ.

ದೊಡ್ಡಪ್ಪ: ದುರ್ಬೀನು ಆಮೇಲೆ. ತಂಗಿ, ನೀನು ಕೇಳು. ನಾನು ಜಾಲಹಳ್ಳಿಯ ಏರ್‌ಫೋರ್ಸ್ ತರಬೇತಿ ಶಾಲೆಯಲ್ಲಿ ಕಲಿತು ಇಡೀ ಸರ್ವಿಸ್ ವಿಮಾನದ ಕೆಳಗೇ ಕಳೆದವನು. ಚಕ್ರ ಇಳಿದು ಲಾಕ್ ಆದರೆ ಕಾಕ್‌ಪಿಟ್‌ನಲ್ಲಿ ಹಸಿರು ದೀಪ ಬರುತ್ತದೆ. ಬರದಿದ್ದರೆ ಕೂಡಲೇ ಇಳಿಯುವುದಿಲ್ಲ. ಟವರ್ ಪಕ್ಕದಲ್ಲಿ ತಗ್ಗಾಗಿ ಹಾರಿ ತೋರಿಸುತ್ತಾರೆ, ಕೆಳಗಿನವರು ನೋಡಿ ಹೇಳುತ್ತಾರೆ. ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಚಕ್ರ ಇಳಿಸುವ ವ್ಯವಸ್ಥೆ, ಸೋತರೆ ಚಕ್ರ ಇಳಿಸಲು ಬೇರೆ ತುರ್ತು ವ್ಯವಸ್ಥೆ ಇರುತ್ತದೆ. ವಿಮಾನವನ್ನು ಜೋರಾಗಿ ಮೇಲೆಳೆದರೆ ಸಿಕ್ಕಿಕೊಂಡ ಚಕ್ರ ತನ್ನ ಭಾರಕ್ಕೇ ಇಳಿಯುವುದೂ ಉಂಟು. ಇಂಧನ ಸುಟ್ಟು ಹಗುರವಾಗುತ್ತಾರೆ. ಅಷ್ಟರಲ್ಲಿ ಕೆಳಗೆ ಫೈರ್ ಎಂಜಿನ್, ಆಂಬುಲೆನ್ಸ್ ಬಂದು ನಿಂತಿರುತ್ತವೆ. ಪೈಲಟ್ ಯಾವತ್ತೂ ಒಬ್ಬನೇ ಇರುವುದಿಲ್ಲ.

ನಾನು: ಹೌದು ದೊಡ್ಡಪ್ಪ. ಮಹೋನಿಗೆ ಆ ಸ್ಟೂಲ್ ಕಾಣುತ್ತಲೇ ಇರಲಿಲ್ಲ, ಮೂತಿಯ ಅಡಿಯಲ್ಲಿತ್ತು. ಡೆಕ್‌ನಿಂದ ಸುಮಾರು 20 ಅಡಿ ಮೇಲೆ ವಿಮಾನ ನಿಲ್ಲಿಸಿಕೊಂಡರು. ಹಡಗಿನಲ್ಲಿದ್ದ ಇನ್ನೊಬ್ಬ ಅಧಿಕಾರಿ ರೇಡಿಯೊದಲ್ಲಿ ದಾರಿ ಹೇಳಿದರು. ಆ ಮಾತು ನಂಬಿ ಇಳಿಸಿದರು. ಮೂತಿ ಒಮ್ಮೆ ಪುಟಿದು ಸ್ಟೂಲ್ ಮೇಲೇ ಕೂತಿತು. ನಾನು ಮೂರು ಸಲ ನೋಡಿದೆ. ಮೂರು ಸಲವೂ ಉಸಿರು ಬಿಗಿಹಿಡಿದೇ ನೋಡಿದೆ.

ಮಂಜಣ್ಣ: ಚಿಕ್ಕಮ್ಮ, ಬೇಜಾರಾಗಬೇಡಿ. ನಾನು ಕೇಳಿದ್ದು ವೀಡಿಯೊ ಬಗ್ಗೆ, ನಿಮ್ಮನ್ನಲ್ಲ.

ಚಿಕ್ಕಮ್ಮ: ಬೇಜಾರಿಲ್ಲ ಮಂಜು. ಇವನು ಶೂ ಪಾಲಿಶ್ ಮಾಡುತ್ತಾ ಕೂತಿದ್ದಾನೆ. ‘ಚಕ್ರ ಬರದಿದ್ದರೆ ಏನು ಮಾಡ್ತೀಯೋ’ ಅಂದೆ. ‘ಟವರ್ ಪಕ್ಕ ಹಾರಿ ತೋರಿಸ್ತಾರಮ್ಮ’ ಅಂದ. ನೀವು ಬರೆದದ್ದನ್ನು ಅವನಿನ್ನೂ ಓದಿಲ್ಲ ಭಾವ.

ಮಾವ: ಸೋಮವಾರ ಬೆಳಿಗ್ಗೆ ಅವನನ್ನು ಬಸ್ ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ.

ಮಾವ: ಭಾವ, ಅಜ್ಜಿಯ ಟ್ರಂಕ್ ನೋಡಿದೆ. ದುರ್ಬೀನು ಇಲ್ಲ.