ಸೆಮಿಸ್ಟರ್ ಮಧ್ಯೆ ಕಾಲೇಜು ಬಿಟ್ಟರೆ ಫೈನಾನ್ಶಿಯಲ್ ಏಡ್ ಗತಿ ಏನು? ಅನುಭವ ಇದ್ದವರು ಹೇಳಿ

ಅಮೆರಿಕದಲ್ಲಿದ್ದೇವೆ. ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಆರೋಗ್ಯ ಸರಿಯಿಲ್ಲ, ಈ ಸೆಮಿಸ್ಟರ್ ಬಿಟ್ಟು ಮನೆಗೆ ಬರುತ್ತೇನೆ ಅಂತಿದ್ದಾಳೆ. ಪೆಲ್ ಗ್ರಾಂಟ್ (ಸಾಮಾನ್ಯವಾಗಿ ವಾಪಸ್ ಕಟ್ಟಬೇಕಿಲ್ಲದ ಸರ್ಕಾರಿ ಸಹಾಯಧನ), ಫೆಡರಲ್ ಲೋನ್ (ಸರ್ಕಾರಿ ಸಾಲ) ಎರಡೂ ಬಂದಿವೆ. ಬಿಟ್ಟರೆ ಎಲ್ಲವನ್ನೂ ವಾಪಸ್ ಕಟ್ಟಬೇಕಾ?

ಒಬ್ಬ ತಂದೆ:
ಮೇಡಂ, ಮೊದಲು ಮಗಳು ಹುಷಾರಾಗಲಿ. ನನ್ನ ಮಗನೂ ಹೀಗೇ ನಡುವೆ ಬಿಟ್ಟು ಬಂದಿದ್ದ. ಆಗ ಏಡ್ ಆಫೀಸಿನಲ್ಲಿ ಕೂರಿಸಿಕೊಂಡು ಲೆಕ್ಕ ತೋರಿಸಿದ್ದರು, ಅದನ್ನೇ ಹೇಳುತ್ತೇನೆ.

ಫೆಡರಲ್ ನಿಯಮದಲ್ಲಿ ಏಡ್ ಅನ್ನು ದಿನದ ಲೆಕ್ಕದಲ್ಲಿ ಸಂಪಾದಿಸಬೇಕು. ಸೆಮಿಸ್ಟರಿನ ಶೇ. 30 ದಿನ ಕಳೆದಿದ್ದರೆ ಶೇ. 30ರಷ್ಟು ಏಡ್ ಮಾತ್ರ ಅವಳದು. ಶೇ. 60 ದಾಟಿದರೆ ಪೂರ್ತಿ ಅವಳದೇ. ಐದು ದಿನ ಅಥವಾ ಅದಕ್ಕಿಂತ ಜಾಸ್ತಿ ಸತತ ರಜೆ ಇದ್ದರೆ ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಯಿಲೆ ಅಂತ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ನಿಜವಾಗಿ ಹೊಡೆತ ಬೀಳುವುದು ಕಾಲೇಜಿನ ಬಿಲ್ಲಿನಿಂದ. ಒಂದು ಲೆಕ್ಕ ನೋಡಿ. ಫೀಸು 5,000 ಡಾಲರ್. ಪೆಲ್ 2,500, ಲೋನ್ 2,750 ಬಂದಿದೆ. ಶೇ. 30ಕ್ಕೆ ಬಿಟ್ಟರೆ ಫೀಸಿನ ಶೇ. 70, ಅಂದರೆ 3,500 ಡಾಲರನ್ನು ಕಾಲೇಜೇ ಸರ್ಕಾರಕ್ಕೆ ಹಿಂದಿರುಗಿಸಬೇಕು, 45 ದಿನದೊಳಗೆ. ಅದರಲ್ಲಿ ಮೊದಲು ಲೋನ್ ತೀರುತ್ತದೆ, ಉಳಿದ 750 ಪೆಲ್‌ಗೆ ಹೋಗುತ್ತದೆ. ಲೋನ್ ತೀರಿತಲ್ಲ ಅಂತ ಸಮಾಧಾನ ಪಡುವ ಹಾಗಿಲ್ಲ. ಕಾಲೇಜಿನ ಸ್ವಂತ ರೀಫಂಡ್ ಗಡುವು ಮುಗಿದಿದ್ದರೆ ಫೀಸು ಪೂರ್ತಿ 5,000 ಆಗಿಯೇ ಉಳಿಯುತ್ತದೆ. ಆ 3,500ಕ್ಕೆ ಕಾಲೇಜು ನಿಮಗೆ ಬಿಲ್ ಕಳಿಸಬಹುದು. ಲೋನ್ ಆಗಿದ್ದರೆ ನಿಧಾನವಾಗಿ ಕಟ್ಟಬಹುದಿತ್ತು, ಈ ಬಿಲ್‌ಗೆ ಅಷ್ಟು ಸಮಯ ಸಿಗುವುದಿಲ್ಲ. ನಮಗೂ ಹೀಗೇ ಬಿಲ್ ಬಂತು. ಕೇಳಿಕೊಂಡ ಮೇಲೆ ಕಂತು ಮಾಡಿಕೊಟ್ಟರು.

ಅದಕ್ಕೇ ಸಹಿ ಹಾಕುವ ಮೊದಲು ಏಡ್ ಆಫೀಸಿಗೆ ಹೋಗಿ, "ಈ ತಾರೀಖಿಗೆ ಬಿಟ್ಟರೆ ಎಷ್ಟು ವಾಪಸ್ ಹೋಗುತ್ತದೆ, ನಮ್ಮ ಮೇಲೆ ಎಷ್ಟು ಬಾಕಿ ಬರುತ್ತದೆ" ಅಂತ ಕೇಳಿ ಬರೆಸಿಕೊಳ್ಳಿ. ಶೇ. 60ಕ್ಕೆ ಕೆಲವೇ ದಿನ ಉಳಿದಿದ್ದು, ಡಾಕ್ಟರೂ ಪರವಾಗಿಲ್ಲ ಅಂದರೆ, ಆ ಕೆಲವು ದಿನ ಕ್ಲಾಸಿಗೆ ಹೋದರೂ ಸಾವಿರಾರು ಡಾಲರ್ ಉಳಿಯುತ್ತದೆ.

ಮತ್ತೆ ಕಾಲೇಜು ಸೇರಿದ ವಿದ್ಯಾರ್ಥಿನಿ:
ಆಂಟಿ, ದುಡ್ಡಿನ ಲೆಕ್ಕದ ಜೊತೆ ಇದನ್ನೂ ನೋಡಿಕೊಳ್ಳಿ. ಬಿಟ್ಟ ಕೋರ್ಸಿಗೆಲ್ಲ ಗ್ರೇಡಿನ ಜಾಗದಲ್ಲಿ 'ಡಬ್ಲ್ಯೂ' (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟದ್ದು) ಬೀಳುತ್ತದೆ. ಅದರಿಂದ ಜಿಪಿಎ (ಗ್ರೇಡುಗಳ ಸರಾಸರಿ) ಇಳಿಯುವುದಿಲ್ಲ, ಆದರೆ ತೆಗೆದುಕೊಂಡು ಮುಗಿಸದ ಕ್ರೆಡಿಟ್ ಅಂತ ಲೆಕ್ಕಕ್ಕೆ ಸೇರುತ್ತದೆ. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಸುಮಾರು ಶೇ. 67 ಮುಗಿಸಿರಬೇಕು ಅಂತ ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಅದಕ್ಕಿಂತ ಕೆಳಗಿಳಿದರೆ ಮುಂದೆ ಏಡ್ ನಿಲ್ಲಬಹುದು. ನನಗೂ ನಿಂತಿತ್ತು. ಡಾಕ್ಟರ ಪತ್ರ ಇಟ್ಟು ಅಪೀಲು ಹಾಕಿದೆ, ಸಿಕ್ಕಿತು. ಆಸ್ಪತ್ರೆಯ ಕಾಗದ ಒಂದನ್ನೂ ಬಿಸಾಡಬೇಡಿ.

ಲೋನ್ ಏನಾದರೂ ಉಳಿದರೆ ಕಂತು ಕಟ್ಟಲು ಆರು ತಿಂಗಳು ಬಿಡುವು ಇದೆ. ಅಷ್ಟರೊಳಗೆ ಕನಿಷ್ಠ ಹಾಫ್ ಟೈಮ್ (ಫುಲ್ ಟೈಮ್ ಕ್ರೆಡಿಟ್‌ಗಳ ಅರ್ಧದಷ್ಟು) ಆದರೂ ಮತ್ತೆ ಸೇರಿದರೆ ಆ ಬಿಡುವು ಮುಂದಕ್ಕೂ ಪೂರ್ತಿ ಉಳಿಯುತ್ತದೆ.

ಇನ್ನೊಬ್ಬರು:
ಯಾರಿಗೂ ಹೇಳದೆ ಸುಮ್ನೆ ಕ್ಲಾಸಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ನಮ್ಮ ಅಕ್ಕನ ಮಗ ಹಾಗೆ ಮಾಡಿದ. ಎಲ್ಲದರಲ್ಲೂ ಎಫ್ ಬಂತು. ಅರ್ಧ ಸೆಮಿಸ್ಟರಿಗೇ ಬಿಟ್ಟ ಅಂತ ಹಿಡಿದು ಏಡ್ ವಾಪಸ್ ಕಳಿಸಿದರು. ಜಿಪಿಎಯೂ ಹೋಯಿತು.

ಒಬ್ಬ ತಾಯಿ:
ಎಲ್ಲ ಕೋರ್ಸನ್ನೂ ಬಿಡಲೇಬೇಕಾ ಅಂತ ಒಮ್ಮೆ ವಿಚಾರಿಸಿ. ಒಂದೆರಡು ಕೋರ್ಸನ್ನಾದರೂ ಮುಗಿಸಲು ಆಗುತ್ತದೆ ಅಂದರೆ, ಮೇಲೆ ಹೇಳಿದ ಶೇ. 60ರ ಲೆಕ್ಕವೇ ಬರುವುದಿಲ್ಲ. ನಮ್ಮವಳು ಎರಡು ಇಟ್ಟುಕೊಂಡು ಉಳಿದದ್ದು ಬಿಟ್ಟಳು. ಆದರೆ ಕ್ರೆಡಿಟ್ ಹಾಫ್ ಟೈಮ್‌ಗಿಂತ ಕೆಳಗೆ ಹೋದರೆ ಲೋನಿನ ಆರು ತಿಂಗಳು ಅಲ್ಲಿಂದಲೇ ಶುರು. ಕಾಲೇಜು ಕೊಟ್ಟ ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತು ಬೇರೆಯೇ ಇರುತ್ತದೆ, ಅದನ್ನೂ ಕೇಳಿಕೊಳ್ಳಿ. ಪೂರ್ತಿ ಬಿಡುವುದೇ ಆದರೆ ಮಗಳ ಕೈಲೇ ಇವತ್ತೇ ಒಂದು ಇಮೇಲ್ ಕಳಿಸಿಸಿ. ಹಾಜರಿ ಹಿಡಿಯದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅವಳು ತಿಳಿಸಿದ ದಿನವೇ ಬಿಟ್ಟ ದಿನ ಅಂತ ಲೆಕ್ಕ.